ಆಡುಮುಟ್ಟದ ಬಳ್ಳಿಯ ಹದಿನೇಳನೇ ಬೂಷ್ಟು

ನಾನು ಒಂದು ಬೂಷ್ಟು. ಪುಸ್ತಕದ ಮಾತಿನಲ್ಲಿ ಹೇಳುವುದಾದರೆ ಶಿಲೀಂಧ್ರ. ಹಳಸಿದ ರೊಟ್ಟಿಯ ಮೇಲೆ, ಮಳೆಗಾಲದಲ್ಲಿ ಮೂಲೆಗೆ ಬಿದ್ದ ಚಪ್ಪಲಿಯ ಮೇಲೆ ನೀವು ಕಾಣುತ್ತೀರಲ್ಲ, ಆ ಜಾತಿ ನನ್ನದಲ್ಲ. ನಾನು ಗಿಡದೊಳಗೆ ಹುಟ್ಟಿ ಗಿಡದೊಳಗೇ ಬದುಕಬೇಕಾದದ್ದು. ಹೊರಗಿನಿಂದ ಎಷ್ಟೇ ತಿರುಗಿಸಿ ನೋಡಿದರೂ ನಾನಿರುವುದು ಯಾರಿಗೂ ತಿಳಿಯುವುದಿಲ್ಲ. ಎಲೆ ಹಸಿರಾಗಿಯೇ ಇರುತ್ತದೆ, ಬಳ್ಳಿ ಹಬ್ಬುತ್ತಲೇ ಇರುತ್ತದೆ.

ಡಂಬಳದ ಕಡೆಯಿಂದ ಕಪ್ಪತಗುಡ್ಡ ಹತ್ತುವಾಗ ಎಡಕ್ಕೊಂದು ಕಲ್ಲಿನ ಇಳಿಜಾರು ಸಿಗುತ್ತದೆ. ಅಲ್ಲಿ ಕಾರೆ ಕಂಟಿಯೊಂದಕ್ಕೆ ಸುತ್ತಿಕೊಂಡು ಆಡುಮುಟ್ಟದ ಬಳ್ಳಿ ಬೆಳೆದಿತ್ತು. ಅದರ ಎಲೆಯೊಂದರಲ್ಲಿ ನಾನು ಹುಟ್ಟಿದೆ. ಜೇಡನ ನೂಲಿಗಿಂತ ಸಣ್ಣ ಎಳೆಗಳಾಗಿ ಎಲೆಯ ಜೀವಕೋಶಗಳ ಸಂದುಗಳಲ್ಲಿ ಮೆಲ್ಲಗೆ ಹರಿದೆ. ಬಳ್ಳಿ ನನಗೆ ಒಂದಿಷ್ಟು ಸಿಹಿ ಕೊಡುತ್ತಿತ್ತು. ನಾನು ಒಂದು ಬಗೆಯ ರಸ ಮಾಡುತ್ತಿದ್ದೆ. ಎಲೆಗೆ ಗಾಯವಾಗಿ ಹೊರಗಿನ ಬ್ಯಾಕ್ಟೀರಿಯಾಗಳು ನುಗ್ಗಿದರೆ ಆ ರಸ ಅವುಗಳನ್ನು ತಡೆಯುತ್ತಿತ್ತು. ಅಲ್ಲಿ ನಾನೊಂದೇ ಇರಲಿಲ್ಲ. ಅದೇ ಎಲೆಯಲ್ಲಿ ಇನ್ನೂ ಹತ್ತಾರು ಜಾತಿಯ ಬೂಷ್ಟುಗಳು ಇದ್ದವು. ನೆರೆಹೊರೆಯವರ ಜೊತೆ ಜಗಳವೂ ಇತ್ತು, ಹೊಂದಾಣಿಕೆಯೂ ಇತ್ತು. ರಸ ಮಾಡುವುದು ಒಂದು ಗುಣ ಎಂದು ಆಗ ನನಗೆ ಅನಿಸಿರಲಿಲ್ಲ. ಬದುಕುವುದಕ್ಕೆ ಅದು ಬೇಕಾಗಿತ್ತು, ಮಾಡುತ್ತಿದ್ದೆ.

ಆ ಇಳಿಜಾರಿಗೆ ಫಕೀರವ್ವ ಕುರಿ ಮೇಯಿಸಲು ಬರುತ್ತಿದ್ದಳು. ಅರವತ್ತು ದಾಟಿದ ಹೆಂಗಸು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉದ್ದನೆಯ ಕೋಲು. ಮಳೆಗಾಲದಲ್ಲಿ ಕುರಿಗಳ ಗೊರಸಿನ ಸಂದು ಕೊಳೆತು ಹುಣ್ಣಾದರೆ ಅವಳು ನಮ್ಮ ಬಳ್ಳಿಯ ಎಲೆ ಕಿತ್ತು, ಕಲ್ಲಿನ ಮೇಲೆ ಅರೆದು, ಹರಕು ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ಎಲೆಯ ಜೊತೆ ನಾವೂ ಅರೆದು ಹೋಗುತ್ತಿದ್ದೆವು. ಹುಣ್ಣು ಮಾಯುತ್ತಿತ್ತು. ಮಾಯಿಸಿದ್ದು ಎಲೆಯೋ ನಾವೋ ಅಥವಾ ಅವಳು ಕಟ್ಟಿದ ಕಟ್ಟೋ, ಅದನ್ನು ಬಿಡಿಸಿ ನೋಡುವ ಅಗತ್ಯ ಅವಳಿಗೆ ಬಿದ್ದಿರಲಿಲ್ಲ.

ಒಂದು ಆಗಸ್ಟ್ ತಿಂಗಳಲ್ಲಿ ನಸೀಮಾ ನದಾಫ್ ಬಂದಳು. ಇಪ್ಪತ್ತಾರು ವರ್ಷದ ಹುಡುಗಿ, ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದಳು. ತಲೆಯ ಮೇಲೆ ಓಢಣಿ, ಬೆನ್ನಿಗೊಂದು ಚೀಲ, ಕೈಯಲ್ಲಿ ಐಸ್ ತುಂಬಿದ ಡಬ್ಬಿ. ಹಿಂದಿನ ಕೆಲವು ದಿನಗಳಿಂದ ಗುಡ್ಡದ ಔಷಧಿ ಗಿಡಗಳ ಎಲೆ ಆರಿಸುತ್ತಿದ್ದಳಂತೆ. ಫಕೀರವ್ವ ಬಳ್ಳಿಯ ಹತ್ತಿರ ಕೂತು ಒಂದು ಕುರಿಗೆ ಕಟ್ಟು ಕಟ್ಟುತ್ತಿದ್ದುದನ್ನು ನೋಡಿ ಅವಳೂ ಕೂತಳು.

"ಇದೇನ್ ಎಲಿ, ಆಯಿ?"

"ಆಡುಮುಟ್ಟದ ಬಳ್ಳಿ. ಆಡು ಬಾಯಾಗ ಹಾಕ್ಕೊಂಡ್ರ ಉಗುಳತಾವು. ನಮ್ಮವ್ವ ಇದನ್ನ ಅರದು ಕಟ್ಟತಿದ್ಲು, ನಾನೂ ಕಟ್ಟತೀನಿ."

"ಎಷ್ಟ ದಿನಕ್ಕ ಮಾಯತೈತಿ?"

"ಮೂರ ಕಟ್ಟು. ನಾಕನೇದು ಕಟ್ಟಬೇಕಂದ್ರ ಕುರಿ ನನ್ನ ಕೈಗೆ ಸಿಗೂದಿಲ್ಲ."

ನಸೀಮಾ ನಕ್ಕಳು. ಆಮೇಲೆ ಕುರಿಯ ಕಾಲನ್ನೇ ನೋಡುತ್ತ, ತನ್ನಪ್ಪನ ಸಂಗತಿ ಹೇಳಿದಳು. ಅವಳಪ್ಪ ಇಮಾಮಸಾಬ ಗದಗಿನಲ್ಲಿ ಗಾದಿ ಹೊಲಿಯುವವರು. ಸಕ್ಕರೆ ಕಾಯಿಲೆ ಇತ್ತು. ಗಾದಿಯ ಸೂಜಿ ಕಾಲಿಗೆ ಚುಚ್ಚಿ ಕೀವಾಯಿತು. ಆಸ್ಪತ್ರೆಯಲ್ಲಿ ಕೊಟ್ಟ ಯಾವ ಔಷಧಿಗೂ ಆ ಕೀವು ಜಗ್ಗಲಿಲ್ಲ. ಮೊದಲು ಎರಡು ಬೆರಳು ತೆಗೆದರು, ಆಮೇಲೆ ಪಾದ.

"ಈಗ ಹೆಂಗದಾನು?" ಎಂದು ಕೇಳಿದಳು ಫಕೀರವ್ವ.

"ಕುಂತ ಹೊಲೀತಾರ."

ಫಕೀರವ್ವ ಎದ್ದು ಹೋಗಿ ಒಳ್ಳೆಯ ಎಲೆಗಳನ್ನು ತಾನೇ ನೋಡಿ ನೋಡಿ ಕಿತ್ತು ಕೊಟ್ಟಳು. ನಾನಿದ್ದ ಎಲೆ ಅವುಗಳಲ್ಲಿ ಒಂದು.

ಧಾರವಾಡದ ಪ್ರಯೋಗಾಲಯದಲ್ಲಿ ಮೊದಲು ನಮ್ಮನ್ನು ತೊಳೆದರು. ಮೊದಲು ನೀರು, ಆಮೇಲೆ ಸ್ಪಿರಿಟ್, ಆಮೇಲೆ ಬ್ಲೀಚಿಂಗ್ ನೀರು. ಎಲೆಯ ಮೇಲ್ಭಾಗದಲ್ಲಿ ಕೂತವರೆಲ್ಲ ಸತ್ತರು. ಒಳಗಿದ್ದ ನಾವಷ್ಟೇ ಉಳಿದೆವು. ನಸೀಮಾ ಎಲೆಯನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ ಗಾಜಿನ ತಟ್ಟೆಯಲ್ಲಿಟ್ಟಳು. ತಟ್ಟೆಯ ತುಂಬ ಆಲೂಗಡ್ಡೆಯ ರಸ ಮತ್ತು ಸಕ್ಕರೆ ಬೆರೆಸಿ ಹೆಪ್ಪುಗಟ್ಟಿಸಿದ ಅಗರ್ ಇತ್ತು. ಐದನೆಯ ದಿನ ಎಲೆಯ ಕತ್ತರಿಸಿದ ಅಂಚಿನಿಂದ ನಾನು ಹೊರಗೆ ಬಂದೆ. ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಮೈಗೆ ಗಾಳಿ ತಾಗಿತು. ಅಲ್ಲಿ ಗೋಡೆಯೂ ಇರಲಿಲ್ಲ, ನೆರೆಯವರೂ ಇರಲಿಲ್ಲ. ಸುತ್ತ ಬರೀ ಸಕ್ಕರೆ.

ನಸೀಮಾ ತಟ್ಟೆ ಎತ್ತಿ ಬೆಳಕಿಗೆ ಹಿಡಿದಳು. "ಅಪ್ಪ ಹಿಂಜಿದ ಹತ್ತಿ ಇದ್ದಂಗ ಐತಿ," ಎಂದಳು. ನಾನು ಬೀಜಕಣ ಬಿಡುವ ಜಾತಿಯಲ್ಲ. ಬೀಜಕಣ ನೋಡದೆ ಬೂಷ್ಟಿಗೆ ಹೆಸರಿಡುವುದು ಕಷ್ಟವಂತೆ. ಹಾಗಾಗಿ ಅವಳು ನನಗೊಂದು ನಂಬರು ಕೊಟ್ಟಳು, ಹದಿನೇಳು. ಕೊನೆಯವರೆಗೂ ಅದೇ ನನ್ನ ಹೆಸರಾಯಿತು.

ಒಂದು ದಿನ ಅವಳು ಬೇರೊಂದು ತಟ್ಟೆಯ ತುಂಬ ಕೀವಿನ ಬ್ಯಾಕ್ಟೀರಿಯಾ ಸವರಿ, ಮಧ್ಯಕ್ಕೆ ನನ್ನದೊಂದು ತುಂಡು ಇಟ್ಟಳು. ಅದು ಜಿಲ್ಲಾಸ್ಪತ್ರೆಯ ರೋಗಿಗಳ ಗಾಯದಿಂದ ತಂದ ಬ್ಯಾಕ್ಟೀರಿಯಾ. ಅವಳಪ್ಪನ ಕಾಲಿನಲ್ಲಿದ್ದ ಜಾತಿಯೇ ಅದು, ಅನೇಕ ಔಷಧಿಗಳಿಗೆ ಬಗ್ಗದ್ದು. ನಾನಿನ್ನೂ ಬಳ್ಳಿಯಿಂದ ಬಂದ ಹೊಸತು. ಶತ್ರು ಎದುರಿಗಿದ್ದಾಗ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಮರುದಿನ ನನ್ನ ಸುತ್ತ ಗುಂಡಗೆ ಒಂದು ಬಯಲು ಬಿದ್ದಿತ್ತು. ಅದರೊಳಗೆ ಒಂದೇ ಒಂದು ಬ್ಯಾಕ್ಟೀರಿಯಾ ಬೆಳೆದಿರಲಿಲ್ಲ. ನಸೀಮಾ ಸ್ಕೇಲ್ ಇಟ್ಟು ಅಳೆದಳು, ಇಪ್ಪತ್ನಾಲ್ಕು ಮಿಲಿಮೀಟರು. ಮೂರು ಸಲ ಅಳೆದಳು. ಆಮೇಲೆ ಫೋನ್ ಎತ್ತಿಕೊಂಡಳು.

ಅವಳ ಮಾರ್ಗದರ್ಶಕ ಡಾಕ್ಟರ್ ಶಂಕ್ರಪ್ಪ ಬಳೂಟಗಿ ಓಡುತ್ತ ಬಂದರು. ನಿವೃತ್ತಿಗೆ ಮೂರು ವರ್ಷವಿದ್ದ ಮನುಷ್ಯ. ಇಷ್ಟು ವರ್ಷ ಎಲೆ ಕುದಿಸಿದ್ದಾರೆ, ಬೇರು ಅರೆದಿದ್ದಾರೆ, ಹೇಳಿಕೊಳ್ಳುವಂಥದ್ದು ಏನೂ ಸಿಕ್ಕಿರಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದರು. "ನಸೀಮಾ, ಇದನ್ನ ಬಿಡಬ್ಯಾಡವಾ," ಎಂದರು. ಅಂದು ಲ್ಯಾಬಿನ ಸಿಪಾಯಿ ಮಾರುತಿ ಗೊರವರನ್ನು ಕಳಿಸಿ ಎಲ್ಲರಿಗೂ ಗಿರಮಿಟ್ ತರಿಸಿದರು. ಗೊರವರಿಗೆ ಆಗಲೇ ನಲವತ್ತೈದಾಗಿತ್ತು, ವಿದ್ಯಾರ್ಥಿಗಳೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ಅವರು ಗಿರಮಿಟ್ಟಿನ ಪೊಟ್ಟಣ ಹಿಡಿದೇ ನನ್ನನ್ನು ಬಗ್ಗಿ ನೋಡಿದರು. "ಇಷ್ಟ ಬೂಸ್ರಕ್ಕ ಇಷ್ಟ ಹಬ್ಬ ಏನ್ರಿ?" ಎಂದು ಕೇಳಿದರು.

ಆ ದಿನದಿಂದ ನನ್ನ ದುಡಿಮೆ ಶುರುವಾಯಿತು. ಎರಡು ವಾರಕ್ಕೊಮ್ಮೆ ನನ್ನದೊಂದು ತುಂಡು ಕತ್ತರಿಸಿ ಹೊಸ ತಟ್ಟೆಗೆ ಹಾಕುವುದು, ಹಳೆಯ ತಟ್ಟೆಯನ್ನು ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿ ಬೇಯಿಸಿ ಚೆಲ್ಲುವುದು. ಅರ್ಧ ನಾನು ಬದುಕುತ್ತಿದ್ದೆ, ಅರ್ಧ ನಾನು ಬೇಯುತ್ತಿದ್ದೆ. ಬಾಟಲಿಗಳಲ್ಲಿ ಬೆಳೆಸಿದರು, ಸೋಸಿದರು, ನನ್ನ ರಸವನ್ನು ಬೇರ್ಪಡಿಸಲು ಇನ್ನೇನೇನೋ ಮಾಡಿದರು. ಐದನೆಯ ತಟ್ಟೆ, ಎಂಟನೆಯ ತಟ್ಟೆ, ಹನ್ನೆರಡನೆಯ ತಟ್ಟೆ. ಎಲ್ಲ ಕಡೆಯೂ ಅದೇ ಆಲೂಗಡ್ಡೆ, ಅದೇ ಸಕ್ಕರೆ, ಇನ್‌ಕ್ಯುಬೇಟರಿನ ಅದೇ ಬೆಚ್ಚನೆಯ ಕತ್ತಲು. ಹೆದರಿಸುವವರಿಲ್ಲ, ಕೇಳುವವರಿಲ್ಲ. ಬಳ್ಳಿ ಕೊಡುತ್ತಿದ್ದ ಯಾವುದೋ ಒಂದು ಸಣ್ಣ ಸೂಚನೆಯೂ ಇಲ್ಲ. ಅದು ಏನಾಗಿತ್ತೆಂದು ಈಗಲೂ ನನಗೆ ಹೇಳಲು ಬರುವುದಿಲ್ಲ.

ನಾನು ಮರೆಯತೊಡಗಿದೆ. ಒಮ್ಮೆಲೇ ಅಲ್ಲ. ಇಪ್ಪತ್ನಾಲ್ಕಿದ್ದ ಬಯಲು ಇಪ್ಪತ್ತೊಂದಾಯಿತು, ಹದಿನಾರಾಯಿತು. ಹದಿನಾಲ್ಕನೆಯ ತಟ್ಟೆಗೆ ಒಂಬತ್ತು. ಹದಿನೆಂಟನೆಯ ತಟ್ಟೆಯಲ್ಲಿ ಬ್ಯಾಕ್ಟೀರಿಯಾಗಳು ನನ್ನ ಅಂಚಿನವರೆಗೂ ಬಂದು ನಿಶ್ಚಿಂತೆಯಿಂದ ಕೂತಿದ್ದವು. ಮೈ ಮಾತ್ರ ಮೊದಲಿನಂತೆಯೇ ಬೆಳ್ಳಗೆ ಬೆಳೆಯುತ್ತಿತ್ತು. ನೋಡಿದವರಿಗೆ ನಾನು ಚೆನ್ನಾಗಿಯೇ ಇದ್ದೆ.

ನಸೀಮಾ ಮೊದಲು ತನ್ನನ್ನೇ ಅನುಮಾನಿಸಿದಳು. ಅಗರ್ ಕೆಟ್ಟಿರಬೇಕೆಂದು ಬದಲಾಯಿಸಿದಳು. ತಟ್ಟೆಗಳು ಅದಲುಬದಲಾಗಿವೆಯೇನೋ ಎಂದು ಪಟ್ಟಿಯನ್ನು ಮೊದಲಿನಿಂದ ತಾಳೆ ನೋಡಿದಳು. ತನ್ನ ಕೈಯಲ್ಲೇ ಏನೋ ದೋಷವಿದೆಯೆಂದು ಬೇರೆ ವಿದ್ಯಾರ್ಥಿನಿಯ ಕೈಯಿಂದ ಮಾಡಿಸಿದಳು. ಆರು ತಿಂಗಳು ಹೀಗೇ ಹೋಯಿತು. ಮನೆಯಿಂದ ಫೋನು ಬಂದರೆ "ನಡದೈತಿ ಅಪ್ಪಾ" ಎಂದಷ್ಟೇ ಹೇಳುತ್ತಿದ್ದಳು. ಒಂದು ಮಧ್ಯಾಹ್ನ ತಟ್ಟೆಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. "ನಿನಗೇನಾಗೇತಿ?" ಎಂದು ನನ್ನನ್ನೇ ಕೇಳಿದಳು. ಬೈದು ಕೇಳಿದ್ದಲ್ಲ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತವರು ಕೇಳುವ ಹಾಗೆ ಕೇಳಿದಳು.

ಯೋಜನೆಯ ವರದಿ ಕೊಡುವ ದಿನ ಹತ್ತಿರ ಬಂತು. ಬಳೂಟಗಿಯವರು ತಟ್ಟೆಗಳನ್ನು ತರಲು ಹೇಳಿ ಅವಳನ್ನು ತಮ್ಮ ಕೋಣೆಗೆ ಕರೆದರು. ನನ್ನನ್ನು ಮೇಜಿನ ಮೇಲೆ, ಅವರ ಕನ್ನಡಕದ ಡಬ್ಬಿಯ ಪಕ್ಕ ಇಟ್ಟಳು. ಅವರು ನೋಡಿ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು.

"ಕುಂದರು. ಮೊದಲಿನ ಫೋಟೋ ಅದಾವಿಲ್ಲ ನಿನ್ನ ಹತ್ರ?"

"ಅದಾವ ಸರ."

"ಅವನ್ನ ಹಾಕಿಬಿಡು. ಅವೇನ ಸುಳ್ಳಲ್ಲ. ಇಪ್ಪತ್ನಾಲ್ಕು ಬಂದಿದ್ದು ಖರೇ ಐತಿ."

"ಬಂದಿತ್ತು ಸರ. ಈಗ ಬರಾಕತ್ತಿಲ್ಲ."

"ಈಗಿಂದು ಯಾರು ಕೇಳತಾರ? ರಸ ಇತ್ತು, ನಾವು ಕಂಡೀವಿ. ಅಷ್ಟ ಬರದ್ರ ಸಾಕು."

ನಸೀಮಾ ಅವರು ಸರಿಸಿದ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡಳು. "ಸರ, ನಮ್ಮಪ್ಪಗ ಆಸ್ಪತ್ರೆದಾಗ ಒಬ್ರು ಡಾಕ್ಟರು ಹೇಳಿದ್ರು, ಹೊಸಾ ಇಂಜೆಕ್ಷನ್ ಬರತೈತಿ, ಅದಕ್ಕ ಇದು ಬಗ್ಗತೈತಿ ಅಂತ. ಅಪ್ಪ ಹನ್ನೊಂದು ದಿನ ಕಾದ್ರು. ಬಂದ ಮ್ಯಾಲ ಅದೂ ನಡೀಲಿಲ್ಲ. ಅಷ್ಟರಾಗ ಕೀವು ಮ್ಯಾಲ ಏರಿತ್ತು."

"ಅದಕೂ ಇದಕೂ ಏನ್ ಸಂಬಂಧ?"

"ಯಾರೋ ಒಬ್ರು ಬರದಿದ್ದನ್ನ ಓದಿ ಆ ಡಾಕ್ಟರು ಹಂಗ ಹೇಳಿರಬೇಕಲ್ಲ ಸರ."

ಬಳೂಟಗಿಯವರ ಮುಖ ಕೆಂಪಾಯಿತು. ಕೆಟ್ಟ ಮನುಷ್ಯರಲ್ಲ ಅವರು. ಎರಡು ವರ್ಷ ಅವಳ ಎಲ್ಲ ಅರ್ಜಿಗಳಿಗೂ ತಾವೇ ಓಡಾಡಿದ್ದರು. "ನಿನ್ನ ಥೀಸಿಸ್‌ಗೆ ಸಹಿ ನಾನ ಮಾಡಬೇಕು, ನೆನಪಿರಲಿ," ಎಂದರು. ಹೇಳಿದ ಮೇಲೆ ಅವರಿಗೇ ಆ ಮಾತು ಸರಿಬರಲಿಲ್ಲವೆಂದು ಕಾಣುತ್ತದೆ. ಎದ್ದು ಕಿಟಕಿ ತೆರೆದರು.

ಮುಂದಿನ ವಾರ ನಸೀಮಾ ಗುಡ್ಡಕ್ಕೆ ಹೋದಳು. ಅಲ್ಲಿ ನಡೆದದ್ದನ್ನು ಹಿಂದಿರುಗಿ ಬಂದು ಗೊರವರ ಕಾಕಾನಿಗೆ ಹೇಳುವಾಗ ನಾನು ಕೇಳಿಸಿಕೊಂಡೆ. ಬೇಸಿಗೆಯಲ್ಲಿ ಇಳಿಜಾರಿನ ಹುಲ್ಲಿಗೆ ಬೆಂಕಿ ಬಿದ್ದು ಕಾರೆ ಕಂಟಿಯೂ ಬಳ್ಳಿಯೂ ಸುಟ್ಟಿದ್ದವು. ಫಕೀರವ್ವನಿಗೆ ಸೊಂಟ ಬಾಗಿತ್ತು. ಆದರೂ ಕೋಲೂರಿಕೊಂಡು ಜೊತೆಗೆ ಬಂದಳು. ಮಳೆ ಬಿದ್ದ ಮೇಲೆ ಅದೇ ಬೇರಿನಿಂದ ಬಳ್ಳಿ ಮತ್ತೆ ಚಿಗುರಿತ್ತು.

"ಬೇರು ಸತ್ತಿಲ್ಲವ್ವಾ," ಎಂದಳಂತೆ ಫಕೀರವ್ವ. "ಆದ್ರ ಎಲಿಗೆ ಮೊದಲಿನ ಕಸುವು ಬಂದಿಲ್ಲ. ಈಗ ಐದಾರು ಕಟ್ಟು ಕಟ್ಟಬೇಕಾಗೇತಿ."

ನಸೀಮಾ ಆ ಎಲೆಗಳಿಂದ ಬೂಷ್ಟುಗಳನ್ನು ಹೊರತೆಗೆದಳು. ಇಪ್ಪತ್ತಮೂರು ಸಿಕ್ಕವು. ಎಲ್ಲವೂ ಬೇರೆ ಜಾತಿಯವು. ಚಿಗುರಿಗೆ ಗಾಳಿಯಿಂದ, ಮಣ್ಣಿನಿಂದ ಹೊಸಬರು ಬಂದು ಸೇರಿಕೊಂಡಿದ್ದರು. ನನ್ನ ಪೈಕಿ ಒಬ್ಬರೂ ಇರಲಿಲ್ಲ. ಬೇರೆ ಎಲೆಗಳಲ್ಲಿ ನನ್ನವರು ಇದ್ದಾರೆಂದು ಎಲ್ಲೋ ಒಂದು ನೆಚ್ಚಿಕೆ ನನಗಿತ್ತು. ಅದೂ ಹೋಯಿತು. ನನಗೆ ಆಗ ದುಃಖವಾಯಿತೆಂದರೆ ಸುಳ್ಳಾಗುತ್ತದೆ. ದುಃಖಕ್ಕೂ ಸ್ವಲ್ಪ ಶಕ್ತಿ ಬೇಕು.

ಉಳಿದ ಎಲೆಗಳನ್ನು ಅವಳು ಎಸೆಯಲಿಲ್ಲ. ಅವುಗಳನ್ನು ಅರೆದು, ರಸ ಸೋಸಿ, ಅದನ್ನು ನನ್ನ ಅಗರಿಗೆ ಬೆರೆಸಿದಳು. ಎಷ್ಟೋ ತಟ್ಟೆಗಳ ನಂತರ ಬಳ್ಳಿಯ ವಾಸನೆ ನನ್ನನ್ನು ಮುಟ್ಟಿತು. ನಾನು ಪ್ರಯತ್ನಿಸಿದೆ. ಎಲ್ಲೋ ಒಂದು ಎಳೆ ಎಚ್ಚರಗೊಂಡಿತು. ಎರಡು ದಿನದ ಮೇಲೆ ನನ್ನ ಸುತ್ತ ಕಿರಿದಾದ ಒಂದು ಬಯಲು ಕಂಡಿತು. ನಸೀಮಾ ಅಳೆದಳು. ಏಳು ಮಿಲಿಮೀಟರು. ಮತ್ತೆ ಮಾಡಿದಳು, ಆರು. ಮತ್ತೊಮ್ಮೆ, ಏಳು. ಅದಕ್ಕಿಂತ ಹೆಚ್ಚು ನನ್ನಿಂದ ಆಗಲಿಲ್ಲ. ಆ ಏಳರಿಂದ ಯಾರ ಕಾಲೂ ಉಳಿಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಅವಳು ಎಲ್ಲವನ್ನೂ ಬರೆದಳು. ಇಪ್ಪತ್ನಾಲ್ಕು ಬಂದದ್ದು, ಅದು ಕುಂದುತ್ತ ಹೋದದ್ದು, ಬಳ್ಳಿಯ ರಸ ಬೆರೆಸಿದಾಗ ಏಳು ಮರಳಿದ್ದು. ಪ್ರತಿ ತಟ್ಟೆಯ ಅಳತೆಯನ್ನೂ ಹಾಕಿದಳು. ಬಳೂಟಗಿಯವರು ಬರೀ ಮೊದಲ ಫೋಟೋ ಹಾಕಿ ಒಂದು ಲೇಖನ ಕಳಿಸಿದರು. ಅದರಲ್ಲಿ ತನ್ನ ಹೆಸರು ಬೇಡವೆಂದು ನಸೀಮಾ ಚೀಟಿ ಬರೆದುಕೊಟ್ಟಳು. ಆಮೇಲೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಥೀಸಿಸ್ ಅವರ ಮೇಜಿನ ಮೇಲೆ ಹದಿನಾಲ್ಕು ತಿಂಗಳು ಬಿದ್ದಿತ್ತು. ಅಷ್ಟರಲ್ಲಿ ಅವಳ ಫೆಲೋಶಿಪ್ ಮುಗಿದಿತ್ತು. ಅವಳು ಗದಗಿಗೆ ಹೋಗಿ ಅಪ್ಪನ ಜೊತೆ ಗಾದಿ ಹೊಲಿಯುತ್ತ ಕಾದಳು.

ಆ ದಿನಗಳಲ್ಲೊಮ್ಮೆ, ಎಲ್ಲರೂ ಊಟಕ್ಕೆ ಹೋದಾಗ ಬಳೂಟಗಿಯವರು ಒಬ್ಬರೇ ಲ್ಯಾಬಿಗೆ ಬಂದರು. ನನ್ನ ತಟ್ಟೆಯನ್ನು ಹುಡುಕಿ ತೆಗೆದು, ನನ್ನದೊಂದು ತುಂಡನ್ನು ತಮ್ಮ ಕೈಯಾರೆ ಬ್ಯಾಕ್ಟೀರಿಯಾದ ತಟ್ಟೆಯಲ್ಲಿಟ್ಟರು. ಎಷ್ಟೋ ವರ್ಷದಿಂದ ಅವರು ಸೂಜಿ ಹಿಡಿದಿರಲಿಲ್ಲ. ಎರಡು ದಿನದ ಮೇಲೆ ಬಂದು ನೋಡಿದರು. ಬಯಲು ಇರಲಿಲ್ಲ. ತಟ್ಟೆಯನ್ನು ತಾವೇ ತೊಳೆಯುವ ಬುಟ್ಟಿಗೆ ಹಾಕಿ, ಕೈಗೆ ಎರಡು ಸಲ ಸೋಪು ಹಚ್ಚಿ ತೊಳೆದುಕೊಂಡರು. ಯಾರಿಗೂ ಹೇಳಲಿಲ್ಲ. ಅದರ ಮರುವಾರ ಥೀಸಿಸ್‌ಗೆ ಸಹಿ ಬಿತ್ತು. ಲೇಖನವನ್ನು ಮಾತ್ರ ಅವರು ಹಿಂದಕ್ಕೆ ಪಡೆಯಲಿಲ್ಲ.

ನಸೀಮಾಳ ಮೌಖಿಕ ಪರೀಕ್ಷೆಯ ದಿನ ಚಹಾ ಒಯ್ದದ್ದು ಗೊರವರ ಕಾಕಾ. ಬಂದು ಇನ್ನೊಬ್ಬ ಸಿಪಾಯಿಗೆ ಹೇಳಿದರು. ಹೊರಗಿನಿಂದ ಬಂದ ಪರೀಕ್ಷಕರು, ಕೊನೆಗೆ ನಿಮಗೆ ಸಿಕ್ಕಿದ್ದೇನು ಎಂದು ಕೇಳಿದರಂತೆ. ಅವಳು, "ಔಷಧಿ ಸಿಗಲಿಲ್ಲ ಸರ. ಅದು ಯಾಕ ಸಿಗವಲ್ದು ಅನ್ನೂದು ಸ್ವಲ್ಪ ಸಿಕ್ತು," ಎಂದಳಂತೆ. ಅವರು ಸ್ವಲ್ಪ ಹೊತ್ತು ಪುಟ ತಿರುವಿ, "ಈ ಅಧ್ಯಾಯ ಚಲೋ ಐತಿ" ಎಂದರಂತೆ. ಆ ಅಧ್ಯಾಯವೆಂದರೆ ನಾನು ಸೋತ ಅಧ್ಯಾಯ.

ಅವಳಿಗೆ ಪದವಿ ಬಂತು. ಮುಂಡರಗಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಹೋಗುವ ಮುನ್ನ ಲ್ಯಾಬಿಗೆ ಬಂದು ನನ್ನನ್ನು ಅಗರ್ ಓರೆಯಾಗಿ ಹೆಪ್ಪುಗಟ್ಟಿಸಿದ ಗಾಜಿನ ಕೊಳವೆಯಲ್ಲಿ ಬೆಳೆಸಿ, ಒಣಗದಿರಲೆಂದು ಮೇಲೆ ಎಣ್ಣೆ ಹೊಯ್ದು, ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಟ್ಟಳು. ಬಳೂಟಗಿಯವರು ನಿವೃತ್ತರಾದರು. ಆಮೇಲೆ ಒಂಬತ್ತು ವರ್ಷ ನಾನು ಅಲ್ಲೇ ಇದ್ದೆ. ವರ್ಷಕ್ಕೊಮ್ಮೆ ಹೊಸ ವಿದ್ಯಾರ್ಥಿಗಳ ಪ್ರಾಕ್ಟಿಕಲ್‌ಗೆ ನನ್ನನ್ನು ಹೊರಗೆ ತೆಗೆಯುತ್ತಿದ್ದರು. ಒಂದು ಎಳೆ ಕಿತ್ತು, ನೀಲಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಬೂಷ್ಟು ಹೀಗಿರುತ್ತದೆ ಎಂದು ತೋರಿಸುತ್ತಿದ್ದರು. ಅವರು ಚಿತ್ರ ಬಿಡಿಸಿಕೊಳ್ಳುತ್ತಿದ್ದರು. ಒಂದು ಕಾಲದಲ್ಲಿ ನನ್ನ ಸುತ್ತ ಬಯಲು ಬೀಳುತ್ತಿತ್ತೆಂಬುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಅದನ್ನು ಹೇಳಿಕೊಳ್ಳುವ ಆಸೆ ಉಳಿದಿರಲಿಲ್ಲ.

ಈ ವಾರ ವಿಭಾಗ ಹೊಸ ಕಟ್ಟಡಕ್ಕೆ ಹೋಗುತ್ತಿದೆ. ಬೇಡವಾದ ಕೊಳವೆಗಳನ್ನೆಲ್ಲ ಬೇಯಿಸಿ ಚೆಲ್ಲಬೇಕೆಂದು ಪಟ್ಟಿ ಬಂತು. ಅದರಲ್ಲಿ ನನ್ನ ನಂಬರೂ ಇತ್ತು. ಗೊರವರ ಕಾಕಾ ಕೊಳವೆಗಳನ್ನು ಕಂಬಿಯ ಬುಟ್ಟಿಗೆ ಹಾಕುತ್ತ ಬಂದವರು, ನನ್ನ ಚೀಟಿ ಓದಿ ನಿಂತರು. ಜೇಬಿನಿಂದ ಮೊಬೈಲ್ ತೆಗೆದು ಫೋನ್ ಮಾಡಿದರು. ಅವರಿಗೆ ಕಿವಿ ಮಂದವಾಗಿದೆ, ಆದ್ದರಿಂದ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ.

"ತಂಗೀ, ನಿನ್ನ ಹದಿನೇಳು ಇನ್ನೂ ಇಲ್ಲೇ ಐತಿ. ಒಗೀರಿ ಅಂದಾರ. ಏನ್ ಮಾಡ್ಲಿ?"

ಆ ಕಡೆ ಕಾಲೇಜಿನ ಗದ್ದಲ ಕೇಳುತ್ತಿತ್ತು. "ಜೀವಂತ ಐತೇನು ಕಾಕಾ?"

"ಐತಿ. ಹ್ವಾದ ತಿಂಗಳ ಪ್ರಾಕ್ಟಿಕಲ್‌ಗೆ ತಗದಿದ್ದೆ, ಬೆಳೀತು."

"ಯಾರರೆ ಕೇಳ್ಯಾರೇನು?"

"ಇಲ್ಲವ್ವಾ."

ಅಲ್ಲಿ ಯಾರೋ ನಸೀಮಾಳನ್ನು ಮೇಡಂ ಎಂದು ಕರೆದರು, ಅವಳು ಬಂದೆ ಎಂದಳು. ಆಮೇಲೆ ಮೆಲ್ಲಗೆ, "ಅದರದು ಬಂದಿದ್ದೂ ಬರದೀನಿ, ಹೋಗಿದ್ದೂ ಬರದೀನಿ ಕಾಕಾ. ಬ್ಯಾರೆ ಯಾರರೆ ಅಲ್ಲಿಂದ ಮುಂದ ಹುಡಕತಾರ. ಬಾಳ ದಣದೈತಿ ಅದು. ಇನ್ನ ಬಿಟ್ಟುಬಿಡ್ರಿ," ಎಂದಳು.

ಇಷ್ಟು ವರ್ಷಗಳಲ್ಲಿ ನನ್ನನ್ನು ಔಷಧಿ ಎಂದರು, ಅದೃಷ್ಟ ಎಂದರು, ಮಾದರಿ ಎಂದರು, ಕಸ ಎಂದರು. ದಣಿದಿದೆ ಎಂದವಳು ಅವಳೊಬ್ಬಳೇ. ನಾನು ಯಾರ ಕಾಲನ್ನೂ ಉಳಿಸಲಿಲ್ಲ. ಆದರೆ ನನ್ನ ಹೆಸರಿನಲ್ಲಿ ಒಬ್ಬರಿಗೂ ಅವಳು ಸುಳ್ಳು ಭರವಸೆ ಕೊಡಲಿಲ್ಲ. ಅದನ್ನು ನೆನೆದರೆ ಸಮಾಧಾನವಾಗುತ್ತದೆ.

ಕಾಕಾ ಬುಟ್ಟಿಯನ್ನು ಆಟೋಕ್ಲೇವಿನೊಳಗೆ ಇಳಿಸಿದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಅವರು ಚಹಾಕ್ಕೆ ಹೋಗಬಹುದಿತ್ತು. ಹೋಗದೆ ಸ್ಟೂಲ್ ಎಳೆದುಕೊಂಡು, ಮುಚ್ಚಳವನ್ನು ಅರ್ಧ ತೆರೆದಿಟ್ಟು, ಪಕ್ಕದಲ್ಲೇ ಕೂತಿದ್ದಾರೆ. ಈ ಬಿಡುವಿನಲ್ಲಿ ಇಷ್ಟನ್ನು ಹೇಳಿ ಮುಗಿಸಿದೆ. ಈಗ ಮೇಲಿನ ಫ್ಯಾನು ಮೆಲ್ಲಗೆ ತಿರುಗತೊಡಗಿದೆ. ಕಾಕಾ ಮೊಣಕಾಲು ಹಿಡಿದುಕೊಂಡು ಎದ್ದರು.